ಕಾಣದ್ದೆಲ್ಲ ಇಲ್ಲದ್ದಲ್ಲ



ಪುಷ್ಯ, ಮಾಘದ ರಾತ್ರಿಗಳಲ್ಲಿ ಕಡೂರು, ತರೀಕೆರೆಯ ಬೀದಿದೀಪಗಳಿಂದ ದೂರ ಸರಿದು ಅಜ್ಜಂಪುರದ ಅಮೃತಮಹಲ್ ಕಾವಲಿನ ಕಡೆಯ ಬಯಲಲ್ಲಿ ನಿಂತರೆ, ಮಹಾವ್ಯಾಧ ನಕ್ಷತ್ರಪುಂಜ ಚೆನ್ನಾಗಿ ಕಾಣುತ್ತದೆ. ಅದರ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಮಕ್ಕಳೂ ಗುರುತಿಸುತ್ತಾರೆ. ಆ ಮೂರನ್ನು ಬಳಸಿಕೊಂಡಂತೆ ಕೆಂಪು ಅನಿಲದ ಒಂದು ದೊಡ್ಡ ಕಮಾನಿದೆ. ಅದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. 1894ರಲ್ಲಿ ಬರ್ನಾರ್ಡ್ ಎಂಬ ಖಗೋಳಜ್ಞರು ಅದರ ಫೋಟೋ ತೆಗೆದು ವಿವರಿಸಿದರು. ಅದಕ್ಕೆ ಅವರದೇ ಹೆಸರಿದೆ.

ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲೂ ಆ ಕಮಾನು ಸರಿಯಾಗಿ ಮೂಡುವುದಿಲ್ಲ. ಕ್ಯಾಮೆರಾದ ಸೆನ್ಸರ್ ಆ ಬೆಳಕನ್ನು ಹಿಡಿಯಬಲ್ಲದು. ಆದರೆ ಕಾರ್ಖಾನೆಯಲ್ಲೇ ಅದರ ಮುಂದೆ ಒಂದು ತೆಳು ಗಾಜಿನ ಫಿಲ್ಟರ್ ಕೂರಿಸಿರುತ್ತಾರೆ. ಮದುವೆಮನೆಯ ಫೋಟೋದಲ್ಲಿ ಬಣ್ಣಗಳು ನಮ್ಮ ಕಣ್ಣಿಗೆ ಒಪ್ಪುವಂತೆ ಬರಲಿ ಎಂದು ಮಾಡಿದ ಏರ್ಪಾಡು ಅದು. ಹೈಡ್ರೋಜನ್ ಸೂಸುವ 656 ನ್ಯಾನೋಮೀಟರ್‌ನ ಕಡುಗೆಂಪು ಬೆಳಕಿನ ಬಹುಪಾಲನ್ನು ಆ ಗಾಜು ತಡೆಯುತ್ತದೆ. ಅದಕ್ಕೇ ಆಕಾಶದ ಚಿತ್ರ ತೆಗೆಯುವ ಹವ್ಯಾಸಿಗಳು ಕ್ಯಾಮೆರಾ ಬಿಚ್ಚಿಸಿ ಆ ಗಾಜನ್ನು ತೆಗೆಸುತ್ತಾರೆ, ಇಲ್ಲವೇ ಆ ಕೆಂಪನ್ನು ಒಳಗೆ ಬಿಡುವ ಬೇರೆ ಗಾಜು ಹಾಕಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಗಾಜಿದ್ದಾಗ ತೆಗೆದ ಚಿತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಗುರುತೇ ಇರುವುದಿಲ್ಲ. ಕಮಾನು ಇರಬೇಕಾದ ಕಡೆ ಬರೀ ಕಪ್ಪು ಆಕಾಶ. ನೋಡಿದವರಿಗೆ ಅದೇ ಪೂರ್ತಿ ಸತ್ಯ.

"ಹಬ್ಬದ ದಿನ ನನಗೆ ಮಾತ್ರ ಜಗುಲಿಯ ಮೇಲೆ ಬಡಿಸಿದರು" ಎಂದು ಯಾರಾದರೂ ಹೇಳಿಕೊಂಡರೆ, ನಮ್ಮಲ್ಲಿ ತಟ್ಟನೆ ಬರುವ ಉತ್ತರ: "ಈಗ ಅದೆಲ್ಲ ಎಲ್ಲಿದೆ? ನಾವಂತೂ ನೋಡಿಲ್ಲ." ಹೀಗೆನ್ನುವವರು ಸುಳ್ಳಾಡುತ್ತಿಲ್ಲ, ನಿಜವಾಗಿಯೂ ನೋಡಿರುವುದಿಲ್ಲ. ಆದರೆ 'ನಾನು ನೋಡಿಲ್ಲ' ಎಂಬುದು ನನ್ನ ಬಗೆಗಿನ ಮಾತು, 'ಅದು ಇಲ್ಲ' ಎಂಬುದು ಲೋಕದ ಬಗೆಗಿನ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಹಾರಿಬಿಟ್ಟರೆ, ನೊಂದವರನ್ನು ಸುಳ್ಳುಗಾರರನ್ನಾಗಿ ಮಾಡಿದಂತೆ.

ನಮ್ಮ ಕಣ್ಣ ಮುಂದಿನ ಗಾಜನ್ನು ನಾವು ಹಾಕಿಕೊಂಡದ್ದಲ್ಲ. ಹುಟ್ಟಿದ ಮನೆ, ಬೆಳೆದ ಕೇರಿ ಅದನ್ನು ಕೂರಿಸಿದವು. ಅದು ನಮ್ಮ ತಪ್ಪಲ್ಲ. ಆದರೆ ಗೊತ್ತಾದ ಮೇಲೂ ಹಾಗೇ ಬಿಟ್ಟುಕೊಂಡರೆ ಅದು ನಮ್ಮ ಆಯ್ಕೆ.

ಗಾಜು ತೆಗೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎನ್ನುವುದೂ ನಿಜ. ಅಂಥ ಕ್ಯಾಮೆರಾದಲ್ಲಿ ಹಗಲಿನ ಫೋಟೋ ಕೆಂಪಗೆ ಬರುತ್ತದೆ. ನಿಕಾನ್ ಕಂಪನಿ 2015ರಲ್ಲಿ ಆಕಾಶಕ್ಕೆಂದೇ ತಂದ ಡಿ810ಎ ಕ್ಯಾಮೆರಾ ಹೈಡ್ರೋಜನ್ನಿನ ಕೆಂಪನ್ನು ಸುಮಾರು ನಾಲ್ಕು ಪಟ್ಟು ಹೆಚ್ಚು ಒಳಬಿಡುತ್ತದೆ. ಸಾಮಾನ್ಯ ಫೋಟೋಗಳಿಗೆ ಅದು ತಕ್ಕದ್ದಲ್ಲವೆಂದು ಕಂಪನಿಯೇ ಹೇಳಿತ್ತು. ಬಿಳಿ ಹಾಳೆಯೊಂದನ್ನು ಎದುರಿಗಿಟ್ಟು ಬಣ್ಣದ ಲೆಕ್ಕ ಸರಿಮಾಡಿಕೊಳ್ಳಬೇಕಾಗುತ್ತದೆ. ಹೊಸದಾಗಿ ಕಾಣತೊಡಗಿದವರಿಗೂ ಈ ಎಚ್ಚರ ಬೇಕು.

ಇನ್ನೊಂದು ಮಾತು. ಅಷ್ಟು ಮಂದ ಬೆಳಕು ಒಂದು ಕ್ಲಿಕ್ಕಿಗೆ ಸಿಗುವುದಿಲ್ಲ. ನಿಮಿಷಗಟ್ಟಲೆ ಕ್ಯಾಮೆರಾ ತೆರೆದಿಟ್ಟು, ಹಲವು ಚಿತ್ರಗಳನ್ನು ಸೇರಿಸಬೇಕು. ಒಬ್ಬರ ನೋವನ್ನು ಅರೆಗಳಿಗೆ ಕೇಳಿ ತೀರ್ಪು ಕೊಡುವುದೂ ಆಗದ ಕೆಲಸ.

ಇಂದು ಯಾರಾದರೂ ನಮಗೆ ಕಾಣದ್ದನ್ನು ಹೇಳಿದರೆ, "ಹಾಗೇನಿಲ್ಲ ಬಿಡಿ" ಎನ್ನುವ ಬದಲು "ಕೂತ್ಕೊಳ್ಳಿ, ಏನಾಯ್ತು ಹೇಳಿ" ಎನ್ನೋಣ.

ಎಲ್ಲರಿಗೂ ಮಂಗಳವಾಗಲಿ.