ಹಿಂಡಿಗೆ ಮರಳುವ ದಾರಿ



ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಊರುಗಳಿರಲಿ, ಕಲಘಟಗಿಯ ಭತ್ತದ ಸೀಮೆಯಿರಲಿ, ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕುವ ಮನೆಗಳು ನಮ್ಮಲ್ಲಿವೆ. ನಾಯಿಯ ಬಾಯಿಂದಲೋ ಮುಂಗುಸಿಯ ಹಲ್ಲಿನಿಂದಲೋ ತಪ್ಪಿಸಿಕೊಂಡು ಬಂದ ಕೋಳಿಯನ್ನು ನೀವೂ ಕಂಡಿರಬಹುದು. ಆಗ ಉಳಿದ ಕೋಳಿಗಳು ಏನು ಮಾಡುತ್ತವೆ? ಸುತ್ತ ನಿಂತು ಅದನ್ನು ಕಾಯುವುದಿಲ್ಲ. ರಕ್ತದ ಕೆಂಪು ಕಂಡೊಡನೆ ಆ ಗಾಯವನ್ನೇ ಕುಕ್ಕುತ್ತವೆ. ಹಾಗೇ ಬಿಟ್ಟರೆ ಕುಕ್ಕಿ ಕೊಲ್ಲುವುದೂ ಉಂಟು.

ಇದಕ್ಕಾಗಿ ಕೋಳಿಯನ್ನು ದೂರುವಂತಿಲ್ಲ. ಪ್ರತಿ ಹಿಂಡಿನಲ್ಲೂ ಯಾವುದು ಯಾವುದನ್ನು ಕುಕ್ಕಬಹುದೆಂಬ ಮೇಲುಕೀಳಿನ ಕ್ರಮವಿದೆ ಎಂದು ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದರು. ಬಲ ಕುಂದಿದ್ದು ಕೆಳಗೆ ಜಾರುತ್ತದೆ. ಅದು ಕೋಳಿಯ ಸ್ವಭಾವ. ಆಯ್ಕೆಯಿಲ್ಲದ ಕಡೆ ಪಾಪವೂ ಇಲ್ಲ. ಆಯ್ಕೆ ಇರುವುದು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿರುವ ಮನುಷ್ಯನಿಗೆ.

‘ಕೊಯ್ದು ಸಾರು ಮಾಡಿದರಾಯಿತು, ಒಂದು ಕೋಳಿಗೆ ಇಷ್ಟೇಕೆ?’ ಎಂದು ನೀವು ಕೇಳಬಹುದು. ಪ್ರಾಣಿಯನ್ನು ಆಹಾರಕ್ಕೆ ಬಳಸುವುದು ತಪ್ಪೆಂದು ಧರ್ಮಸಭೆ ಹೇಳುವುದಿಲ್ಲ. ಆದರೆ 1992ರ ಕಥೋಲಿಕ ಧರ್ಮೋಪದೇಶ ಎರಡು ಮಾತುಗಳನ್ನು ಜೊತೆಗಿಡುತ್ತದೆ: ಪ್ರಾಣಿಗಳನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ, ಬಡವರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕುದಲ್ಲ. ಪ್ರಾಣಿಯ ಮೇಲೆ ಕನಿಕರ ಪಡುವವನು ಸಹಮಾನವರ ಮೇಲೂ ಕನಿಕರ ಪಡಲು ಹೆಚ್ಚು ಸಿದ್ಧನಾಗುತ್ತಾನೆ ಎಂಬುದು ಸಂತ ತೋಮಸ್ ಅಕ್ವಿನಾಸರ ಅಭಿಪ್ರಾಯ. ಹಾಗಾದರೆ ಈ ಕೋಳಿ ನಮಗೆ ಏನನ್ನು ಕಲಿಸುತ್ತದೆ?

ಗಾಯ ಮಾಯಿಸುವುದು ಅಷ್ಟು ಕಷ್ಟವಲ್ಲ. ಉಪ್ಪು ಬೆರೆಸಿದ ಉಗುರು ಬೆಚ್ಚಗಿನ ನೀರಿನಿಂದ ತೊಳೆಯಬೇಕು, ನೊಣ ಕೂತು ಹುಳ ಬೀಳದಂತೆ ನೋಡಬೇಕು, ನೆರಳಲ್ಲಿಟ್ಟು ನೀರು, ಜೋಳದ ನುಚ್ಚು ಕೊಡಬೇಕು. ಗಾಯ ಆಳವಾಗಿದ್ದರೆ ಪಶು ಆಸ್ಪತ್ರೆಗೆ ಒಯ್ಯಬೇಕು. ಕಷ್ಟವಿರುವುದು ಮುಂದೆ. ಬಹಳ ದಿನ ಕಣ್ಮರೆಯಾದ ಕೋಳಿಯನ್ನು ಹಿಂಡು ಹೊಸಬಳೆಂದೇ ಎಣಿಸುತ್ತದೆ, ಮತ್ತೆ ಕುಕ್ಕುತ್ತದೆ. ಆದ್ದರಿಂದ ತಿಳಿದವರು ಅದನ್ನು ಒಳಕೋಣೆಯಲ್ಲಿ ಬಚ್ಚಿಡುವುದಿಲ್ಲ. ಹಿಂಡಿಗೆ ಕಾಣುವಂತೆ, ಆದರೆ ಕೊಕ್ಕಿಗೆ ಸಿಗದಂತೆ, ಜಾಲರಿಯ ಆಚೆ ಇಡುತ್ತಾರೆ. ಗಾಯ ಪೂರ್ತಿ ಮಾಯ್ದ ಮೇಲೆ, ಕತ್ತಲಾದಾಗ ಗೂಡಿನಲ್ಲಿ ಉಳಿದವುಗಳ ಪಕ್ಕ ಕೂರಿಸುತ್ತಾರೆ. ಮರುದಿನ ಕಾಳನ್ನು ಮೂರ್ನಾಲ್ಕು ಕಡೆ ಚೆಲ್ಲುತ್ತಾರೆ, ಒಂದೇ ಕೋಳಿ ಎಲ್ಲವನ್ನೂ ಕಾಯಲಾಗದಂತೆ. ಒಂದೆರಡು ಪೆಟ್ಟು ಬಿದ್ದರೂ ತಾಳುತ್ತಾರೆ. ರಕ್ತ ಬಂದರೆ ಮಾತ್ರ ಹಿಂದಕ್ಕೆ ತೆಗೆಯುತ್ತಾರೆ.

ಯಾಜಕಕಾಂಡದ 14ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಕುಷ್ಠ ವಾಸಿಯಾದವನನ್ನು ಕಾಣಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಶುದ್ಧೀಕರಣದ ನಂತರ ಆತ ಪಾಳೆಯದೊಳಕ್ಕೆ ಬಂದರೂ ಏಳು ದಿನ ತನ್ನ ಗುಡಾರದ ಹೊರಗೇ ಇರಬೇಕು. ಮರಳುವುದಕ್ಕೂ ಒಂದು ದಾರಿ, ಒಂದು ಸಾವಧಾನ. ಪ್ರಭು ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ, ಯಾಜಕನಿಗೆ ತೋರಿಸಿಕೊಳ್ಳಲು ಕಳುಹಿಸಿದ್ದೂ ಇದಕ್ಕೇ ಅಲ್ಲವೇ? ಮೈ ವಾಸಿಯಾದರೆ ಸಾಲದು, ಜನರು ಅವನನ್ನು ಮತ್ತೆ ತಮ್ಮವನೆನ್ನಬೇಕು.

ಈಗ ನಮ್ಮ ಮನೆಗಳನ್ನು ನೋಡೋಣ. ಕುಡಿತ ಬಿಟ್ಟು ಚಿಕಿತ್ಸೆ ಮುಗಿಸಿ ಬಂದ ಮಗ, ಗಂಡನ ಮನೆ ತೊರೆದು ತವರಿಗೆ ಮರಳಿದ ಮಗಳು, ಜೈಲಿನಿಂದ ಬಂದ ನೆರೆಯವ, ಇವರ ಗಾಯ ಮಾಯುತ್ತಿರುವಾಗ ಅಲ್ಲೇ ಕುಕ್ಕುವ ಮಾತು ನಮ್ಮದಲ್ಲವೇ? ಕೋಳಿಗಿದ್ದ ನೆಪ ನಮಗಿಲ್ಲ. ಅವರಿಗಾಗಿ ಪ್ರಾರ್ಥಿಸುತ್ತೇವೆ, ಖರ್ಚೂ ಮಾಡುತ್ತೇವೆ. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಇನ್ನು ಕೆಲವರು ಪ್ರೀತಿಯ ಹೆಸರಿನಲ್ಲಿ ಅವರನ್ನು ಒಳಗೇ ಬಚ್ಚಿಡುತ್ತಾರೆ. ಅದರಿಂದ ಅವರು ಊರಿಗೆ ಇನ್ನಷ್ಟು ಪರಕೀಯರಾಗುತ್ತಾರೆ.

ಆರೈಕೆ ಮಾಡುವವನಿಗೆ ಎರಡು ಕೆಲಸ: ಗಾಯ ಕಟ್ಟುವುದು, ಕೊಕ್ಕುಗಳನ್ನು ತಡೆಯುವುದು. ಎರಡನೆಯದಕ್ಕೇ ಹೆಚ್ಚು ತಾಳ್ಮೆ ಬೇಕು. ಈ ಭಾನುವಾರ ಪೂಜೆಗೆ ಅಂಥವರೊಬ್ಬರು ಬಂದು ಹಿಂದಿನ ಸಾಲಿನ ಮೂಲೆಯಲ್ಲಿ ನಿಂತಿದ್ದರೆ, ಏನನ್ನೂ ಕೇಳಬೇಡಿ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡಿ.