ಪ್ರಾರ್ಥನೆ ನಿಂತ ಮೇಲೆ

ಪ್ರಾರ್ಥನೆ ನಿಂತುಹೋದ ದೇವಾಲಯವನ್ನು ಏನೆಂದು ಕರೆಯಬೇಕು? ಗೋಡೆಗಳಿವೆ, ಕಮಾನುಗಳಿವೆ, ಎತ್ತರದ ಕಿಟಕಿಗಳಿಂದ ಬೆಳಕೂ ಇಳಿಯುತ್ತದೆ. ಬಲಿಪೂಜೆ ಮಾತ್ರ ಇಲ್ಲ. ಅದು ಇನ್ನೂ ದೇವರ ಮನೆಯೋ, ಬರಿಯ ಕಟ್ಟಡವೋ? ಫ್ರಾನ್ಸ್ ದೇಶದ ಅಲ್ಸಾಸ್ ಪ್ರಾಂತ್ಯದ ಕೊಲ್ಮಾರ್ ಪಟ್ಟಣದಲ್ಲಿರುವ ಉಂಟರ್‌ಲಿಂಡೆನ್ ಕನ್ಯಾಮಠದ ದೇವಾಲಯ ನಮ್ಮನ್ನು ಈ ಚಿಂತನೆಗೆ ಹಚ್ಚುತ್ತದೆ.

13ನೇ ಶತಮಾನದಲ್ಲಿ ಇಬ್ಬರು ವಿಧವೆಯರು ಈ ಮಠವನ್ನು ಆರಂಭಿಸಿದರು. ಇಲ್ಲಿನ ಭಗಿನಿಯರು ಸಂತ ದೊಮಿನಿಕರ ಸಭೆಗೆ ಸೇರಿದವರು. ದೇವಾಲಯದ ಪೀಠಭಾಗವನ್ನು 1269ರಲ್ಲಿ ಅಭಿಷೇಕಿಸಿದವರು ಸಂತ ತೋಮಸ್ ಅಕ್ವಿನಾಸರ ಗುರುಗಳಾದ ಮಹಾ ಆಲ್ಬರ್ಟರು. ಐದು ಶತಮಾನಗಳ ಕಾಲ ಇಲ್ಲಿ ಪ್ರಾರ್ಥನೆಯ ದನಿ ಕೇಳಿಬಂದಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಭಗಿನಿಯರನ್ನು ಹೊರಹಾಕಲಾಯಿತು. ಮಠ ಸೈನಿಕರ ಪಾಲಾಯಿತು. 1853ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ಮತ್ತೆ ಬಾಗಿಲು ತೆರೆಯಿತು.

ಇಂದು ಆ ದೇವಾಲಯದೊಳಗೆ ನಿಂತಿರುವುದು ಬೇರೊಂದು ಮಠದಿಂದ ಬಂದ ಬಲಿಪೀಠದ ಚಿತ್ರ. ಕೊಲ್ಮಾರಿನ ದಕ್ಷಿಣಕ್ಕಿರುವ ಈಸೆನ್‌ಹೈಮ್ ಗ್ರಾಮದಲ್ಲಿ, ಈಜಿಪ್ಟಿನ ತಪಸ್ವಿ ಸಂತ ಅಂತೋಣಿಯವರ ಹೆಸರಿನ ಸಭೆಯವರು ರೋಗಿಗಳ ಆರೈಕೆ ನಡೆಸುತ್ತಿದ್ದರು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು ಬಡವರ ಮೈ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಕೈಕಾಲುಗಳು ಕೊಳೆತು ಹೋಗುತ್ತಿದ್ದವು. ಅಂಥವರ ಕಣ್ಣೆದುರಿಗೆ ಇಡಲೆಂದೇ 1512ರಿಂದ 1516ರ ಅವಧಿಯಲ್ಲಿ ಗ್ರ್ಯೂನೆವಾಲ್ಡ್ ಈ ಚಿತ್ರವನ್ನು ರಚಿಸಿದರು. ಶಿಲುಬೆಯ ಮೇಲಿನ ಯೇಸುವಿನ ದೇಹ ಹಸಿರುಗಟ್ಟಿ, ಹುಣ್ಣುಗಳಿಂದ ತುಂಬಿ, ಬೆರಳುಗಳು ನೋವಿನಿಂದ ಸೆಟೆದುಕೊಂಡಿವೆ. ರೋಗಿ ಅಲ್ಲಿ ತನ್ನದೇ ಮೈಯನ್ನು ಕಾಣುತ್ತಿದ್ದ. ಹಬ್ಬದ ದಿನ ಆ ಫಲಕಗಳನ್ನು ತೆರೆದರೆ, ಒಳಗೆ ಬೆಳಕಿನಲ್ಲಿ ಮೇಲೇಳುವ ಪುನರುತ್ಥಿತ ಪ್ರಭು.

ಭಗಿನಿಯರು ಹೋದದ್ದರಿಂದಲೇ ಲೋಕಕ್ಕೆ ಈ ಚಿತ್ರ ಕಾಣುವಂತಾಯಿತು, ಆದುದರಿಂದ ಎಲ್ಲವೂ ಒಳ್ಳೆಯದಕ್ಕೇ ಆಯಿತು ಎಂದು ಹೇಳುವವರುಂಟು. ಈ ಮಾತನ್ನು ಸುಲಭವಾಗಿ ಒಪ್ಪಲಾಗದು. ಮನೆಯಿಂದ ಹೊರದೂಡಲ್ಪಟ್ಟ ವೃದ್ಧ ಭಗಿನಿಯ ಕಣ್ಣೀರಿಗೆ ಮುಂದಿನ ಶತಮಾನದ ವಸ್ತುಸಂಗ್ರಹಾಲಯ ಸಮಾಧಾನವಾದೀತೇ? ಕೇಡಿನ ಬೆನ್ನಿಗೆ ಬಂದ ಒಳಿತು ದೇವರ ಕೃಪೆಯಿರಬಹುದು; ಅದು ಕೇಡಿಗೆ ಕೊಟ್ಟ ಕ್ಷಮಾಪತ್ರವಲ್ಲ. ಇನ್ನು ಕೆಲವರು, ಬಲಿಪೂಜೆ ನಿಂತ ಮೇಲೆ ಅಲ್ಲಿ ಉಳಿದದ್ದೇನೂ ಇಲ್ಲ ಎನ್ನುತ್ತಾರೆ. ಅದೂ ಪೂರ್ತಿ ನಿಜವಲ್ಲ. ಟಿಕೆಟು ಕೊಂಡು ಒಳಬಂದವರಲ್ಲಿ ಬಣ್ಣವನ್ನಷ್ಟೇ ನೋಡಿ ಹೋಗುವವರಿರಬಹುದು. ಆದರೆ ಆಸ್ಪತ್ರೆಯ ವರದಿಯ ಭಾರವನ್ನು ಮನಸ್ಸಿನಲ್ಲಿ ಹೊತ್ತು ಬಂದವನೊಬ್ಬ ಆ ಶಿಲುಬೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿ ನಿಂತರೆ, ಅವನು ಬರಿಯ ಪ್ರವಾಸಿಯೆಂದು ಹೇಳಲು ನಾವು ಯಾರು?

ಹಾಗಾದರೆ ದುಃಖ, ಕೃತಜ್ಞತೆ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಒಂದರಿಂದ ಇನ್ನೊಂದನ್ನು ಅಳಿಸಿಹಾಕುವುದು ಪ್ರಾಮಾಣಿಕತೆಯಲ್ಲ.

ಈ ಚಿತ್ರ ನಮ್ಮ ಧರ್ಮಕೇಂದ್ರಗಳಿಗೂ ಒಂದು ಪ್ರಶ್ನೆ ಹಾಕುತ್ತದೆ. ಈಸೆನ್‌ಹೈಮಿನವರು ತಮ್ಮ ಬಲಿಪೀಠದ ಮೇಲೆ ರೋಗಿಯ ನೋವಿಗೆ ಮೊದಲ ಸ್ಥಾನ ಕೊಟ್ಟರು. ನಮ್ಮ ದೇವಾಲಯದಲ್ಲಿ ಆ ಸ್ಥಾನ ಯಾರಿಗಿದೆ? ಮೆಟ್ಟಿಲು ಹತ್ತಲಾಗದ ಅಜ್ಜಿ, ಬುದ್ಧಿ ಬೆಳೆಯದ ಮಗನನ್ನು ಜನರ ಮುಂದೆ ಕರೆತರಲು ಅಂಜುವ ತಾಯಿ, ಭಾನುವಾರದ ಬಲಿಪೂಜೆಯಲ್ಲಿ ಎಲ್ಲಿರುತ್ತಾರೆ? ಕೊಲ್ಮಾರಿನ ದೇವಾಲಯವನ್ನು ಬರಿದು ಮಾಡಲು ಒಂದು ಕ್ರಾಂತಿಯೇ ಬೇಕಾಯಿತು. ನಮ್ಮದು ಜನರಿಂದ ತುಂಬಿರುವಾಗಲೂ ಬರಿದಾಗಬಹುದು. ಇಂಥವರಿಗೆ ಅಲ್ಲಿ ಜಾಗವಿಲ್ಲದಂತೆ ನಾವು ನಡೆದುಕೊಂಡರೆ ಸಾಕು.