ಜೀವನೋಪಾಯವೂ ಜೀವದಯೆಯೂ

ಭೋಗಭೂಮಿಯ ಕಾಲವು ಮುಗಿಯುತ್ತ ಬಂದು, ಬೇಡಿದ್ದನ್ನು ನೀಡುತ್ತಿದ್ದ ಕಲ್ಪವೃಕ್ಷಗಳು ಒಂದೊಂದಾಗಿ ಮರೆಯಾದವು. ದಿಕ್ಕುತೋಚದ ಪ್ರಜೆಗಳು ನಾಭಿರಾಜನ ಬಳಿಗೆ ಬಂದರು. ಆತನು ಅವರನ್ನು ಮಗನಾದ ವೃಷಭದೇವನಲ್ಲಿಗೆ ಕಳುಹಿಸಿದನು. ಸ್ವಾಮಿಯು ಅವರಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಉಪದೇಶಿಸಿದನು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಈ ಪ್ರಸಂಗವನ್ನು ನಾವೆಲ್ಲರೂ ಪ್ರವಚನಗಳಲ್ಲಿ ಕೇಳಿದ್ದೇವೆ. ಕೇಳುವಾಗ ಒಂದು ಅಂಶವನ್ನು ಮಾತ್ರ ಗಮನಿಸುವುದಿಲ್ಲ. ಅಂದು ಕಲಿಯಲು ಕುಳಿತವರು ಬಾಲಕರಲ್ಲ, ಬಾಳಿನ ನಡುವಿನಲ್ಲಿದ್ದವರು. ಮರಗಳು ಇಲ್ಲವಾದುದರಿಂದ ಹಳೆಯ ಬಾಳುವೆ ಸಾಗದೆ, ಹೊಸ ಜೀವನೋಪಾಯವನ್ನು ಮೊದಲಿನಿಂದ ಕಲಿತವರು.

ಇಂದು ಮತ್ತೆ ಮರಗಳು ಮರೆಯಾಗುತ್ತಿವೆ. ಕೆರೆಗಳಲ್ಲಿ ಹೂಳು ತುಂಬುತ್ತಿದೆ. ತನ್ನ ವೃತ್ತಿಯೂ ಈ ಹಾನಿಯಲ್ಲಿ ಪಾಲುಗೊಂಡಿದೆಯೆಂದು ಅರಿತ ಗೃಹಸ್ಥನೊಬ್ಬನು ಅದನ್ನು ಬಿಟ್ಟು, ಕಾಡು, ಕೆರೆ, ಜೀವಿಗಳನ್ನು ಕಾಯುವ ಕೆಲಸವನ್ನೇ ವೃತ್ತಿಯಾಗಿ ಕಲಿಯಹೊರಟರೆ ಅದು ಧರ್ಮವೇ? ಅಥವಾ ಕುಟುಂಬದ ಹೊಣೆಯನ್ನು ಮರೆತ ಭಾವುಕತೆಯೇ? ಈ ಪ್ರಶ್ನೆ ನಮ್ಮ ಮನೆಯೊಳಗೇ ಹುಟ್ಟದಿದ್ದರೆ ನಾನು ಇದನ್ನು ವಾಚಕರ ಮುಂದೆ ಇಡುತ್ತಿರಲಿಲ್ಲ.

ನನ್ನ ತಮ್ಮನು ನಮ್ಮ ತಂದೆಯವರು ಸ್ಥಾಪಿಸಿದ ಮರದ ಮಿಲ್ಲನ್ನು ಇಪ್ಪತ್ತು ವರ್ಷ ನಡೆಸಿದವನು. ಆ ಮಿಲ್ಲಿನ ವರಮಾನದಿಂದಲೇ ನನ್ನ ವಿದ್ಯಾಭ್ಯಾಸ, ತಂಗಿಯರ ಮದುವೆ, ಊರ ಬಸದಿಯ ಜೀರ್ಣೋದ್ಧಾರಕ್ಕೆ ನಮ್ಮ ಪಾಲಿನ ವಂತಿಗೆ ಎಲ್ಲವೂ ನಡೆದದ್ದು. ತನ್ನ ನಲವತ್ನಾಲ್ಕನೆಯ ವಯಸ್ಸಿನಲ್ಲಿ, ದಶಲಕ್ಷಣ ಪರ್ವದ ಕೊನೆಯ ದಿನ, ಅವನು ಮಿಲ್ಲನ್ನು ಮುಚ್ಚುವುದಾಗಿಯೂ ಸಸಿ ಬೆಳೆಸುವ, ಕೆಟ್ಟ ಕಾಡನ್ನು ಮತ್ತೆ ಚಿಗುರಿಸುವ ಕೆಲಸವನ್ನು ಕಲಿಯಲು ಹೋಗುವುದಾಗಿಯೂ ಹೇಳಿದನು. ಅವನ ಮಗಳು ಆಗ ಪಿಯುಸಿಯಲ್ಲಿ ಓದುತ್ತಿದ್ದಳು. ಮನೆಯ ಹಿರಿಯನಾಗಿ ನಾನು ಬಲವಾಗಿ ವಿರೋಧಿಸಿದೆ. ನನ್ನ ಆಕ್ಷೇಪಗಳು ನಾಲ್ಕು. ಅವು ಅನೇಕ ಸದ್ಗೃಹಸ್ಥರ ಆಕ್ಷೇಪಗಳೂ ಆಗಿರಬಹುದಾದ್ದರಿಂದ ಒಂದೊಂದಾಗಿ ಪರಿಶೀಲಿಸುತ್ತೇನೆ.

ಮೊದಲನೆಯದು ದಾನದ ಮಾತು. ‘ವ್ಯಾಪಾರವನ್ನು ಮುಂದುವರಿಸು, ಲಾಭದಲ್ಲಿ ಹೆಚ್ಚಿನ ಭಾಗವನ್ನು ಧರ್ಮಕಾರ್ಯಕ್ಕೆ ಕೊಡು’ ಎಂದೆ. ಹೀಗೆ ಹೇಳಿದ ರಾತ್ರಿಯೇ ನನಗೆ ಆಶಾಧರ ಸೂರಿಗಳ ನೆನಪಾಯಿತು. ಹದಿಮೂರನೆಯ ಶತಮಾನದ ಅವರ ಸಾಗಾರಧರ್ಮಾಮೃತವು ಶ್ರಾವಕನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಹೇಳುತ್ತದೆ. ಗೃಹಸ್ಥನು ಬಿಡಬೇಕಾದ ಖರಕರ್ಮಗಳ ಪಟ್ಟಿಯಲ್ಲಿ ಮರ ಕಡಿದು ಮಾರಿ ಬಾಳುವ ವನಜೀವಿಕೆಯೂ ಸೇರಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಇದನ್ನೇ ಹೇಳುತ್ತದೆ. ದಾನವು ಲೋಭವನ್ನು ಕರಗಿಸಲು ಇರುವ ಸಾಧನ. ಹಿಂಸೆಯ ಸಾಲವನ್ನು ಚುಕ್ತಾ ಮಾಡುವ ಹಣವೆಂದು ಅದನ್ನು ಯಾವ ಆಚಾರ್ಯರೂ ಹೇಳಿಲ್ಲ. ಹಾಗೆಂದು ಮರದ ವ್ಯಾಪಾರಿಗಳೆಲ್ಲ ಪಾಪಿಗಳೆಂಬುದು ನನ್ನ ಅಭಿಪ್ರಾಯವಲ್ಲ. ನಾನು ಬರೆಯುತ್ತಿರುವ ಮೇಜೂ ಮರದ್ದೇ, ಬಸದಿಯ ಬಾಗಿಲೂ ಮರದ್ದೇ. ಆದರೆ ತನ್ನ ಕಸುಬು ತನ್ನ ಮನಸ್ಸಿಗೆ ಭಾರವಾಗಿದೆಯೆಂದು ಒಬ್ಬನು ಹೇಳಿದಾಗ, ದಾನ ಕೊಟ್ಟು ಹಗುರಾಗು ಎಂದು ಉಪದೇಶಿಸುವುದು ಧರ್ಮವಲ್ಲ.

ಎರಡನೆಯ ಆಕ್ಷೇಪ: ‘ನೀನು ಬಿಟ್ಟರೆ ಬೇರೊಬ್ಬನು ಮಾಡುತ್ತಾನೆ, ಒಂದು ಮರವೂ ಉಳಿಯದು.’ ತಮ್ಮನು ಉತ್ತರಿಸಿದನು: ‘ಅಣ್ಣ, ಬೇರೊಬ್ಬನು ಮಾಡುವುದಕ್ಕೆ ನಾನು ಹೊಣೆಯಲ್ಲ. ಆದರೆ ಇದೇ ಗರಗಸವನ್ನು ಅವನಿಗೆ ಮಾರಿದರೆ ಹೊಣೆಯಾಗುತ್ತೇನೆ.’ ಕೃತ, ಕಾರಿತ, ಅನುಮೋದನಗಳೆಂಬ ಮೂರನ್ನೂ ನಾವು ಪ್ರತಿಕ್ರಮಣದಲ್ಲಿ ಉಚ್ಚರಿಸುತ್ತೇವೆ. ಅವನು ಅವುಗಳನ್ನು ವ್ಯವಹಾರಕ್ಕೆ ತಂದನು. ನಡೆಯುವ ಮಿಲ್ಲಿಗೆ ಒಳ್ಳೆಯ ಬೆಲೆ ಬರುತ್ತಿತ್ತು. ಯಂತ್ರಗಳನ್ನು ಬಿಚ್ಚಿ ಹಳೆಯ ಕಬ್ಬಿಣವಾಗಿ ಮಾರಿ ನಷ್ಟ ಅನುಭವಿಸಿದನು. ಇಲ್ಲಿ ಒಂದು ಕಹಿಸತ್ಯವನ್ನೂ ಮರೆಮಾಚಬಾರದು. ಮಿಲ್ಲಿನ ನಾಲ್ವರು ಕೆಲಸಗಾರರಲ್ಲಿ ಇಬ್ಬರು ಅವನ ಸಸ್ಯಕ್ಷೇತ್ರಕ್ಕೆ ಬಂದರು; ಒಬ್ಬನು ಬೇರೆ ಮಿಲ್ಲನ್ನು ಸೇರಿದನು; ನಾಲ್ಕನೆಯವನ ಮನೆಗೆ ಒಂದು ವರ್ಷ ಬಹಳ ಕಷ್ಟವಾಯಿತು. ಒಳ್ಳೆಯ ತ್ಯಾಗವೂ ಇನ್ನೊಬ್ಬನ ಅನ್ನದ ಮೇಲೆ ಬೀಳಬಹುದು. ವೃತ್ತಿಯನ್ನು ಬಿಡುವವನು ತನ್ನ ಮನೆಯ ಲೆಕ್ಕವನ್ನು ಮಾತ್ರವಲ್ಲ, ತನ್ನನ್ನು ನಂಬಿದವರ ಲೆಕ್ಕವನ್ನೂ ಮೊದಲೇ ಮಾಡಬೇಕು. ತಾನು ಅದನ್ನು ಸರಿಯಾಗಿ ಮಾಡಲಿಲ್ಲವೆಂಬ ಕೊರಗು ತಮ್ಮನಿಗೆ ಇಂದಿಗೂ ಇದೆ.

ಮೂರನೆಯದು ವಯಸ್ಸಿನ ಮಾತು: ‘ಈ ವಯಸ್ಸಿನಲ್ಲಿ ಎಂಥ ಕಲಿಕೆ?’ ನಮ್ಮ ನಾಡಿನಲ್ಲಿಯೇ ಇದಕ್ಕೆ ಉತ್ತರವಿದೆ. ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು 1971ರಲ್ಲಿ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. ಎಂಜಿನಿಯರಾಗಿ, ಕೃಷಿಕರಾಗಿ ದುಡಿದ ಅವರು ಫ್ಲೋರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದುದು 1988ರಲ್ಲಿ, ನಲವತ್ತರ ವಯಸ್ಸಿನಲ್ಲಿ. ನಾಗರಹೊಳೆಯ ಹುಲಿಗಳನ್ನು ಕ್ಯಾಮರಾಗಳ ಮೂಲಕ, ಮೈಮೇಲಿನ ಪಟ್ಟೆಗಳಿಂದ ಗುರುತಿಸಿ ಎಣಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಇನ್ನೊಂದು ತುದಿಯಲ್ಲಿ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿದ್ದರು. 2024ರ ಡಿಸೆಂಬರಿನಲ್ಲಿ ನಿಧನರಾದ ಈ ಹಾಲಕ್ಕಿ ಮಹಿಳೆ ಅಕ್ಷರ ಕಲಿತವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೂಲಿಯಾಗಿ ಸೇರಿ, ಯಾವ ಜಾತಿಯ ತಾಯಿಮರದಿಂದ ಯಾವಾಗ ಬೀಜ ಆಯಬೇಕೆಂಬುದನ್ನು ದಶಕಗಳ ದುಡಿಮೆಯಲ್ಲಿ ಕರಗತ ಮಾಡಿಕೊಂಡವರು. 2020ರ ಪದ್ಮಶ್ರೀ ಅವರಿಗೆ ಸಂದಿತು. ಒಬ್ಬರು ವಿಶ್ವವಿದ್ಯಾಲಯದಲ್ಲಿ ಕಲಿತರು, ಒಬ್ಬರು ಮಣ್ಣಿನಲ್ಲಿ ಕಲಿತರು. ಇಬ್ಬರೂ ಕಲಿತರು ಎಂಬುದೇ ಮುಖ್ಯ.

ನಾಲ್ಕನೆಯದು ನನ್ನ ಪ್ರಬಲವಾದ ಆಕ್ಷೇಪವಾಗಿತ್ತು. ‘ನೀನು ಹಿಡಿಯಹೊರಟ ಕೆಲಸದಲ್ಲಿ ಹಿಂಸೆಯಿಲ್ಲವೇ? ಗುಂಡಿ ತೋಡಿದರೆ ಪೃಥ್ವೀಕಾಯಿಕಗಳಿಗೆ ಬಾಧೆ. ಕಳೆ ಕಿತ್ತರೆ ವನಸ್ಪತಿಗೆ. ಹೂಳೆತ್ತಿದರೆ ಅದರೊಳಗಿನ ಅಸಂಖ್ಯಾತ ತ್ರಸಜೀವಗಳಿಗೆ. ಹಿಂಸೆಯಿಂದ ಹಿಂಸೆಗೆ ಹೋಗುವುದಕ್ಕೆ ಇಷ್ಟೊಂದು ಶ್ರಮವೇಕೆ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕೆಂದೂ ಉಳಿದವನ್ನು ಕುಗ್ಗಿಸುತ್ತ ಹೋಗಬೇಕೆಂದೂ ವಿಧಿಸಿದ್ದಾರೆ. ಉದ್ಯೋಗವಿರುವಲ್ಲಿ ಉದ್ಯೋಗೀ ಹಿಂಸೆ ಇದ್ದೇ ಇರುತ್ತದೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿದೆ. ಪ್ರಮಾದವೆಂದರೆ ಎಚ್ಚರಗೇಡಿತನ. ತಿಳಿಯಬಹುದಾದುದನ್ನು ತಿಳಿಯದೆ ಕೈಹಾಕುವುದೂ ಎಚ್ಚರಗೇಡಿತನವೇ ಅಲ್ಲವೆ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ನಮ್ಮ ಬಸದಿಯ ಹಿಂದಿನ ಬಯಲಿನಲ್ಲಿ.

ತಮ್ಮನು ಕಲಿಯಲು ಹೋಗುವುದಕ್ಕೆ ಎರಡು ವರ್ಷ ಮೊದಲು ನಮ್ಮ ಟ್ರಸ್ಟು ವನಮಹೋತ್ಸವವನ್ನು ಆಚರಿಸಿತ್ತು. ಮುರಕಲ್ಲಿನ ಆ ಬಯಲನ್ನು ಬರಡೆಂದು ಬಗೆದು, ಜೆಸಿಬಿ ತರಿಸಿ ಗುಂಡಿ ತೋಡಿಸಿ, ಅಕೇಶಿಯಾ ಸಸಿಗಳನ್ನು ನೆಡಿಸಿದೆವು. ಭಾಷಣ ಮಾಡಿದವನು ನಾನೇ. ಮುಂದಿನ ಬೇಸಗೆಯಲ್ಲಿ ಬಹುಪಾಲು ಸಸಿಗಳು ಒಣಗಿದವು. ತರಬೇತಿಯಿಂದ ಮರಳಿದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ತಮ್ಮನು ನನ್ನನ್ನು ಅಲ್ಲಿಗೆ ಕರೆದೊಯ್ದು, ಗುಂಡಿ ತೋಡದೆ ಉಳಿದಿದ್ದ ಮೂಲೆಯಲ್ಲಿ ಮಂಡಿಯೂರಿ ಕುಳಿತು ನೋಡುವಂತೆ ಹೇಳಿದನು. ಕಲ್ಲಿನ ಮೇಲಿನ ಬೆರಳುದಪ್ಪದ ಮಣ್ಣಿನಲ್ಲಿ, ಮಳೆಗಾಲದಲ್ಲಷ್ಟೇ ಮೊಳೆತು ಹೂಬಿಟ್ಟು ಬೀಜವಾಗಿ ಮುಗಿಯುವ ಅಂಗುಲದೆತ್ತರದ ಗಿಡಗಳು ಹಾಸಿಕೊಂಡಿದ್ದವು. ಕಲ್ಲಿನ ಕುಳಿಗಳ ನೀರಿನಲ್ಲಿ ಕಪ್ಪೆಯ ಮರಿಗಳಿದ್ದವು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳ ಆ ನೆಲೆಯನ್ನು ನಾವು ಪುಣ್ಯಕಾರ್ಯವೆಂದು ಬಗೆದು ಅಗೆಸಿದ್ದೆವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದನ್ನೂ ಗಿಡಮರಗಳನ್ನು ಕತ್ತರಿಸುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡವಾಗಿ ಎಣಿಸಿದ್ದಾರೆ. ನಮ್ಮ ವನಮಹೋತ್ಸವವು ಆ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತಿತ್ತು. ನಮ್ಮಲ್ಲಿ ದಯೆಯ ಕೊರತೆಯಿರಲಿಲ್ಲ, ತಿಳಿವಳಿಕೆಯ ಕೊರತೆಯಿತ್ತು.

ರತ್ನತ್ರಯದಲ್ಲಿ ದರ್ಶನಕ್ಕೂ ಚಾರಿತ್ರಕ್ಕೂ ನಡುವೆ ಜ್ಞಾನವನ್ನು ಇರಿಸಿರುವುದು ಮೋಕ್ಷಮಾರ್ಗದ ವಿಷಯದಲ್ಲಿ. ಆದರೂ ಲೌಕಿಕದ ಸಣ್ಣ ಕೆಲಸಗಳಿಗೂ ಅದು ದಾರಿ ತೋರಬಲ್ಲದು. 1990ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ, ಡಾ. ಎಲ್. ಎಂ. ಸಿಂಘ್ವಿಯವರು ರಚಿಸಿದ ಪ್ರಕೃತಿ ಕುರಿತ ಜೈನ ಘೋಷಣೆಯನ್ನು ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ನಮ್ಮ ಶ್ರದ್ಧೆಯೇನೆಂಬುದು ಅಂದು ಲೋಕಕ್ಕೆ ತಿಳಿಯಿತು. ಆ ಶ್ರದ್ಧೆ ಆಚರಣೆಯಾಗಬೇಕಾದರೆ ನಡುವೆ ಕಲಿಕೆ ಬೇಕು. ಷಡ್ಲೇಶ್ಯೆಗಳ ಕಥೆಯಲ್ಲಿ ಕೃಷ್ಣಲೇಶ್ಯೆಯವನು ಹಣ್ಣಿಗಾಗಿ ನೇರಳೆ ಮರವನ್ನು ಬುಡಸಹಿತ ಕಡಿಯಹೊರಡುತ್ತಾನೆ. ಶುಕ್ಲಲೇಶ್ಯೆಯವನು ಕೆಳಗೆ ಬಿದ್ದ ಹಣ್ಣನ್ನು ಮಾತ್ರ ಆಯ್ದುಕೊಳ್ಳುತ್ತಾನೆ. ‘ಹಣ್ಣು ತಿಂದ ಮೇಲೆ ಬೀಜವನ್ನು ಏನು ಮಾಡಿದ, ಅಣ್ಣ?’ ಎಂದು ತಮ್ಮನು ಒಮ್ಮೆ ನಗುತ್ತ ಕೇಳಿದನು. ನೇರಳೆ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ತಾಜಾ ಇರುವಾಗಲೇ ಬಿತ್ತಬೇಕು. ಸಾಗುವಾನಿಯ ಬೀಜವನ್ನಾದರೋ ಹಲವು ಸಲ ನೆನೆಸಿ ಒಣಗಿಸಿದ ಮೇಲೆಯೇ ಬಿತ್ತುವುದು. ಇದನ್ನು ಅರಿಯದ ದಯಾಳುವಿನ ಕೈಯಲ್ಲಿ ಬೀಜ ಸಾಯುತ್ತದೆ.

ಅಹಿಂಸೆಯ ಪ್ರಶ್ನೆ ಇನ್ನೂ ತೀಕ್ಷ್ಣವಾಗುವ ಸಂದರ್ಭಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಅಮೆರಿಕ ಮೂಲದ ಲಂಟಾನ ಇಂದು ಬಂಡೀಪುರ, ಮಲೆಮಹದೇಶ್ವರ ಬೆಟ್ಟಗಳ ಕಾಡಿನ ನೆಲವನ್ನು ಮುಚ್ಚಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸುತ್ತಿದೆ. ಅದನ್ನು ತೆಗೆಯುವುದು ಸಸ್ಯಹಿಂಸೆಯೇ. ಆದರೆ ತೆಗೆಯುವ ಕ್ರಮದಲ್ಲಿ ವಿವೇಕವಿದೆ: ಬುಡದ ಕೆಳಗೆ ಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಇಟ್ಟರೆ ಮರುಚಿಗುರು ಕಡಿಮೆ, ಸುಮ್ಮನೆ ಸವರಿದರೆ ಮತ್ತೆ ಮತ್ತೆ ಸವರಬೇಕು. ಮೊದಲು ಪೊದೆಯಲ್ಲಿ ಗೂಡುಗಳಿವೆಯೇ ಎಂದು ನೋಡಬೇಕು. ತೆಗೆದ ಜಾಗದಲ್ಲಿ ನಾಡಹುಲ್ಲು ಬೆಳೆಯುವವರೆಗೆ ಕಾಯಬೇಕು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆದು ಜೀವನಕ್ಕೂ ದಾರಿಮಾಡಿಕೊಂಡಿದ್ದಾರೆ. ಈ ಎಚ್ಚರವನ್ನೇ ನಮ್ಮವರು ಯತ್ನಾಚಾರವೆಂದು ಕರೆದದ್ದು.

ಇದಕ್ಕೂ ಒಂದು ಮೇರೆಯುಂಟು. ಕೆರೆಯ ಸ್ಥಳೀಯ ಮೀನುಗಳನ್ನು ನುಂಗುವ ಆಫ್ರಿಕದ ಕ್ಯಾಟ್‌ಫಿಷ್‌ಗಳನ್ನು ಹಿಡಿದು ಕೊಲ್ಲುವ ಕೆಲಸವೂ ಸಂರಕ್ಷಣೆಯ ಹೆಸರಿನಲ್ಲಿ ಬರುತ್ತದೆ. ಅದು ಕೆರೆಗೆ ಅಗತ್ಯವೆಂದು ಜೀವವಿಜ್ಞಾನಿ ಹೇಳಬಹುದು, ಅದು ತಪ್ಪೆಂದು ವಾದಿಸಲು ನನ್ನಲ್ಲಿ ಜ್ಞಾನವಿಲ್ಲ. ಆದರೆ ಅಣುವ್ರತಿಯಾದ ಶ್ರಾವಕನು ತನ್ನ ಕೈಯಿಂದ ಅದನ್ನು ಮಾಡಲಾರ. ತಮ್ಮನು ಅಂಥ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಅಂಥ ಮೀನು ಕೆರೆ ಸೇರದಂತೆ ತಡೆಯುವುದರಲ್ಲಿ ಮಾತ್ರ ಅವನ ಪಾಲಿದೆ. ಇಲ್ಲಿ ಉಳಿಯುವ ದ್ವಂದ್ವವನ್ನು ನಾನು ಬಿಡಿಸಿಲ್ಲ. ಅದನ್ನು ತಿಳಿದು ತನ್ನ ಮೇರೆಯನ್ನು ಗುರುತಿಸಿಕೊಳ್ಳುವುದು, ತಿಳಿಯದೆ ಪುಣ್ಯವೆಂದು ಮೀನು, ಆಮೆಗಳನ್ನು ಅಂಗಡಿಯಿಂದ ಕೊಂಡು ಬಸದಿಯ ಕೊಳಕ್ಕೆ ಬಿಡುವುದಕ್ಕಿಂತ ಮೇಲು. ಅಂಗಡಿಗಳಲ್ಲಿ ಮಾರುವ, ಕಿವಿಯ ಬಳಿ ಕೆಂಪು ಪಟ್ಟೆಯುಳ್ಳ ಆಮೆ ಅಮೆರಿಕದ್ದು. ಅದು ನಮ್ಮ ನಾಡಿನ ಆಮೆಯ ಆಹಾರವನ್ನೂ ನೆಲೆಯನ್ನೂ ಕಸಿಯುತ್ತದೆ.

ಇನ್ನು ಟ್ರಸ್ಟುಗಳ ಹಿರಿಯರಲ್ಲಿ ಒಂದು ವಿನಂತಿ. ಜೈನಕ್ಷೇತ್ರಗಳಿಗೂ ನೀರಿಗೂ ಇರುವ ನಂಟು ಹಳೆಯದು. ಶ್ರವಣಬೆಳಗೊಳದ ಹೆಸರೇ ಬಿಳಿಯ ಕೊಳದಿಂದ ಬಂದದ್ದು. ವರಂಗದ ಕೆರೆಬಸದಿಗೆ ಇಂದಿಗೂ ದೋಣಿಯಲ್ಲಿ ಹೋಗಿ ದರ್ಶನ ಪಡೆಯುತ್ತೇವೆ. ಬಸದಿಯ ಶಿಲೆಗೆ ನುರಿತ ಶಿಲ್ಪಿಯನ್ನು ಕರೆಸುವ ನಾವು ಕೆರೆಯ ಹೂಳಿಗೆ, ತೋಪಿನ ಮರಕ್ಕೆ ಯಾರು ಸಿಕ್ಕಿದರೂ ಸಾಕೆನ್ನುತ್ತೇವೆ. ಕಲಿತವನನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುವುದು ಅಪವ್ಯಯವಲ್ಲ. 2002ರ ಜೈವಿಕ ವೈವಿಧ್ಯ ಅಧಿನಿಯಮದಂತೆ ಊರೂರಿನ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು. ಅಲ್ಲಿಯೂ ಗಿಡ, ಹಕ್ಕಿ, ಮೀನುಗಳನ್ನು ಹೆಸರು ಹಿಡಿದು ಗುರುತಿಸಬಲ್ಲವರ ಅಗತ್ಯವಿದೆ. ತರುಣರಿಗೆ ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳೂ, 1982ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯೂ ಇವೆ. ನಡುವಯಸ್ಸಿನ ಗೃಹಸ್ಥನ ಕೊರತೆ ಬೇರೆಯದು: ಕಲಿಯುವ ಒಂದೆರಡು ವರ್ಷ ಮನೆ ನಡೆಯಬೇಕು. ನಮ್ಮ ವಿದ್ಯಾರ್ಥಿವೇತನಗಳೆಲ್ಲ ಹದಿಹರೆಯದವರಿಗೆ ಮೀಸಲು. ಖರಕರ್ಮವನ್ನು ಬಿಟ್ಟುಬರುವ ನಲವತ್ತರ ಶ್ರಾವಕನಿಗೂ ಒಂದು ವೇತನವಿರಲಿ. ಅವನನ್ನು ನಂಬಿದ ಕೆಲಸಗಾರನಿಗೂ ಅದರಲ್ಲಿ ಪಾಲಿರಲಿ.

ತಮ್ಮನ ವರಮಾನ ಮಿಲ್ಲಿನ ಕಾಲದ ಅರ್ಧವನ್ನೂ ಮುಟ್ಟಿಲ್ಲ. ಮಗಳ ಓದಿಗೆ ಸಾಲ ಮಾಡಬೇಕಾಯಿತು. ಆ ಸಾಲಪತ್ರಕ್ಕೆ ಜಾಮೀನಾಗಿ ನಾನು ಸಹಿ ಹಾಕಿದೆ. ನಾಲ್ಕು ಆಕ್ಷೇಪಗಳಿಗೆ ನಾನು ಕಂಡುಕೊಂಡ ಉತ್ತರ ಅಷ್ಟೇ. ಮಿಲ್ಲಿನ ಮಾಡಿನಡಿಯಲ್ಲಿ, ಗರಗಸವಿದ್ದ ಜಾಗದಲ್ಲಿ, ಈಗ ಸಸಿಯ ಚೀಲಗಳನ್ನು ಸಾಲಾಗಿ ಇಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಬಸದಿಯಂಗಳದ ನೇರಳೆಯ ಕೆಳಗೆ ಬಿದ್ದ ಹಣ್ಣನ್ನು ಆಯ್ದು ತಂದು, ಅಂದೇ ತೊಳೆದು, ಅಂದೇ ಬಿತ್ತುತ್ತಾರೆ. ಹೋದ ಮಳೆಗಾಲದಿಂದ ಈ ಕೆಲಸಕ್ಕೆ ನಾಲ್ಕನೆಯ ಕೆಲಸಗಾರನೂ ಬರುತ್ತಿದ್ದಾನೆ.